ವಿದೇಶದ ಸಸ್ಯೋದ್ಯಾನ: ತರಬೇಕಾದುದೇನು? ಬಿಡಬೇಕಾದುದೇನು?

ಬೆಂಗಳೂರಿನ ಹೊರವಲಯದ ಹಳ್ಳಿಗಳಲ್ಲಿ ಈಗ ಹೊಸದೊಂದು ರೂಢಿ ಬಂದಿದೆ. ವರ್ತೂರು, ಸರ್ಜಾಪುರ, ಆನೇಕಲ್, ಹೊಸಕೋಟೆ, ದಾಸನಪುರ ಈ ಕಡೆಯ ಬೇಸಾಯದ ಮನೆಗಳ ಮಕ್ಕಳು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಂಪನಿಗಳಲ್ಲೋ ಪೀಣ್ಯದ ಕಾರ್ಖಾನೆಗಳಲ್ಲೋ ಕೆಲಸಕ್ಕೆ ಸೇರುತ್ತಾರೆ. ಅವರಲ್ಲಿ ಕೆಲವರು ಸಿಂಗಪುರಕ್ಕೋ ಲಂಡನ್ನಿಗೋ ಹೋಗಿ ನೆಲೆಸುತ್ತಾರೆ. ಅಲ್ಲಿ ಮನೆ ಮಾಡಿದ ಮೇಲೆ ತಂದೆ ತಾಯಿಯರನ್ನು ಎರಡು ಮೂರು ತಿಂಗಳ ಮಟ್ಟಿಗೆ ಕರೆಸಿಕೊಳ್ಳುತ್ತಾರೆ. ಹಿಂದೆ ತಿರುಪತಿ, ಧರ್ಮಸ್ಥಳಗಳಿಗೆ ಹೋಗಿಬಂದರೆ ದೊಡ್ಡ ಪ್ರಯಾಣವೆನ್ನುತ್ತಿದ್ದ ಮನೆಗಳಿಂದ ಇಂದು ವಿಮಾನ ಹತ್ತಿ ಹೊರಟವರಿದ್ದಾರೆ.

ನೀವೂ ಹಾಗೆ ಹೊರಟಿದ್ದರೆ, ಅಥವಾ ಮುಂದೆ ಹೊರಡುವ ಸಂಭವವಿದ್ದರೆ, ಈ ಲೇಖನ ನಿಮಗಾಗಿ. ಎತ್ತರದ ಕಟ್ಟಡಗಳನ್ನೂ ಅಂಗಡಿ ಬೀದಿಗಳನ್ನೂ ನೋಡುವುದು ನಾಲ್ಕು ದಿನಕ್ಕೆ ಸಾಕಾಗುತ್ತದೆ. ಬಾಳೆಲ್ಲ ಮಣ್ಣಿನಲ್ಲಿ ಕೈಯಾಡಿಸಿದವರಿಗೆ ಐದನೆಯ ದಿನದಿಂದ ಗಿಡ, ಮರ ನೋಡಬೇಕೆನಿಸುತ್ತದೆ. ಆಗ ಹೋಗಬೇಕಾದ ಸ್ಥಳವೆಂದರೆ ಆ ಊರಿನ ಸಸ್ಯೋದ್ಯಾನ. ಅಲ್ಲಿ ಏನನ್ನು ನೋಡಬೇಕು, ಅಲ್ಲಿಂದ ಏನನ್ನು ತರಬೇಕು, ಯಾವುದನ್ನು ಯಾವ ಕಾರಣಕ್ಕೂ ತರಬಾರದು ಎಂಬುದನ್ನು ಮುಂದೆ ವಿವರಿಸಿದೆ.

ಸಸ್ಯೋದ್ಯಾನವೆಂದರೇನು?

ಉದ್ಯಾನಗಳೆಲ್ಲ ಸಸ್ಯೋದ್ಯಾನಗಳಲ್ಲ. ಮಕ್ಕಳು ಆಡಲು, ಹಿರಿಯರು ಸುತ್ತಾಡಲು ಇರುವುದು ಸಾಮಾನ್ಯ ಉದ್ಯಾನ. ಸಸ್ಯೋದ್ಯಾನದಲ್ಲಾದರೋ ಪ್ರತಿಯೊಂದು ಗಿಡಕ್ಕೂ ಒಂದು ದಾಖಲೆ ಇರುತ್ತದೆ. ಅದು ಎಲ್ಲಿಂದ ಬಂತು, ಯಾವ ವರ್ಷ ನೆಟ್ಟರು, ಅದರ ಕುಲ ಯಾವುದು ಎಂಬುದನ್ನು ಬರೆದಿಡುತ್ತಾರೆ. ಒಂದು ದೇಶದ ಬೆಳೆ ಇನ್ನೊಂದು ದೇಶದ ಹವೆಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸುವುದು ಇಂತಹ ತೋಟಗಳ ಹಳೆಯ ಕೆಲಸಗಳಲ್ಲೊಂದು. ಆದುದರಿಂದ ಸಸ್ಯೋದ್ಯಾನವನ್ನು ದೊಡ್ಡದೊಂದು ಪ್ರಯೋಗ ತಾಕು ಎಂದೇ ತಿಳಿಯಬಹುದು.

ಲಂಡನ್ನಿನ ಕ್ಯೂ ತೋಟ 1759ರಲ್ಲಿ ಆರಂಭವಾಯಿತು. ಅದರ ವಿಸ್ತೀರ್ಣ ಸುಮಾರು 330 ಎಕರೆ. ಸಿಂಗಪುರದ ಸಸ್ಯೋದ್ಯಾನ ಆರಂಭವಾದುದು 1859ರಲ್ಲಿ. ವಿಸ್ತೀರ್ಣ ಸುಮಾರು 200 ಎಕರೆ. ಮೊದಲನೆಯದು 2003ರಲ್ಲಿ, ಎರಡನೆಯದು 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕ್ಯೂ ತೋಟಕ್ಕೆ ಪ್ರವೇಶ ಶುಲ್ಕವಿದೆ. ಸಿಂಗಪುರದ ತೋಟದೊಳಗಿನ ಆರ್ಕಿಡ್ ವಿಭಾಗಕ್ಕೆ ಮಾತ್ರ ಟಿಕೆಟ್ಟು. ಉಳಿದ ಭಾಗವನ್ನು ಹಣ ಕೊಡದೆಯೇ ನೋಡಬಹುದು. ನಮ್ಮ ಲಾಲ್‌ಬಾಗ್ 240 ಎಕರೆ. ವಿಸ್ತೀರ್ಣದಲ್ಲಿ ಸಿಂಗಪುರದ ತೋಟಕ್ಕಿಂತ ದೊಡ್ಡದೇ.

ನಮಗೂ ಆ ತೋಟಗಳಿಗೂ ಇರುವ ನಂಟು

ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿ ಪ್ರಾರಂಭಿಸಿದ. ಅದು ಸರ್ಕಾರಿ ಸಸ್ಯೋದ್ಯಾನವೆನಿಸಿದ್ದು 1856ರಲ್ಲಿ. ಆ ಬಳಿಕ ಅದರ ಮೇಲ್ವಿಚಾರಣೆಗೆ ಕ್ಯೂ ತೋಟದಲ್ಲಿ ಪಳಗಿದವರೇ ಒಬ್ಬರಾದ ಮೇಲೊಬ್ಬರು ಬಂದರು. 1874ರಲ್ಲಿ ಬಂದ ಜಾನ್ ಕ್ಯಾಮರನ್ ಮೂವತ್ತಕ್ಕೂ ಹೆಚ್ಚು ವರ್ಷ ಇಲ್ಲಿ ದುಡಿದರು. 1908ರಲ್ಲಿ ಅವರ ಸ್ಥಾನಕ್ಕೆ ಬಂದ ಜರ್ಮನಿಯ ಕೃಂಬಿಗಲ್ ಅವರೂ ಕ್ಯೂ ತೋಟದಲ್ಲಿ ಕೆಲಸ ಮಾಡಿದ್ದವರು. 1932ರಲ್ಲಿ ಅಧಿಕಾರ ವಹಿಸಿಕೊಂಡ ಎಚ್.ಸಿ. ಜವರಾಯರೂ, ನಮ್ಮ ರಾಜ್ಯದ ತೋಟಗಾರಿಕೆಯ ಪಿತಾಮಹರೆಂದು ಹೆಸರಾದ ಡಾ. ಎಂ.ಎಚ್. ಮರೀಗೌಡರೂ ಕ್ಯೂ ತೋಟದಲ್ಲಿ ತರಬೇತಿ ಪಡೆದಿದ್ದರು.

ಈ ನಂಟಿನ ಫಲವನ್ನು ನೀವು ದಿನವೂ ಸಂತೆಯಲ್ಲಿ ಕಾಣುತ್ತೀರಿ. ಸೀಮೆಬದನೆ ಮೆಕ್ಸಿಕೋ ದೇಶದ ಕಡೆಯ ಬಳ್ಳಿ. ಕ್ಯಾಮರನ್ನರ ಕಾಲದಲ್ಲಿ ಅದು ಲಾಲ್‌ಬಾಗಿನ ಮೂಲಕ ಬೆಂಗಳೂರಿನ ಸುತ್ತಮುತ್ತ ಹರಡಿತು. ಇಲ್ಲಿ ಎಷ್ಟು ಚೆನ್ನಾಗಿ ಒಗ್ಗಿತೆಂದರೆ ತಮಿಳರೂ ತೆಲುಗರೂ ಅದನ್ನು ಬೆಂಗಳೂರು ಬದನೆಯೆಂದೇ ಕರೆಯತೊಡಗಿದರು.

ಇಂದು ಗಾಜಿನ ಕಟ್ಟಡಗಳಿಂದ ತುಂಬಿರುವ ವೈಟ್‌ಫೀಲ್ಡ್ ಕೂಡ ಮೊದಲು ಬೇಸಾಯಕ್ಕೆಂದೇ ಹುಟ್ಟಿದ ಊರು. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ಸುಮಾರು 3,900 ಎಕರೆ ಜಮೀನನ್ನು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ, ಅವರ ಜನ ಬೇಸಾಯ ಮಾಡಿ ಬದುಕಲೆಂದು, ಕೊಟ್ಟರು. ನೂರು ವರ್ಷಗಳು ಕಳೆದ ಮೇಲೆ, 1990ರ ದಶಕದಲ್ಲಿ, ಅದೇ ವೈಟ್‌ಫೀಲ್ಡಿನಲ್ಲಿ ಸಿಂಗಪುರದ ಸಹಭಾಗಿತ್ವದಿಂದ ಅಂತರರಾಷ್ಟ್ರೀಯ ಟೆಕ್ ಪಾರ್ಕ್ ಎದ್ದಿತು. ಹೀಗೆ ಸಿಂಗಪುರವೂ ಲಂಡನ್ನೂ ನಮ್ಮ ಹೊಲದ ಬದುವಿನವರೆಗೂ ಬಂದಿವೆ.

ಹೊರಡುವ ಮುನ್ನ ಲಾಲ್‌ಬಾಗ್ ನೋಡಿ

ಪರಸ್ಥಳದ ತೋಟವನ್ನು ಅಳೆಯಲು ಕೈಯಲ್ಲಿ ಒಂದು ಅಳತೆಗೋಲು ಬೇಕು. ಆದುದರಿಂದ ಪ್ರಯಾಣಕ್ಕೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಲಾಲ್‌ಬಾಗಿಗೆ ಹೋಗಿಬನ್ನಿ. ಫಲಪುಷ್ಪ ಪ್ರದರ್ಶನದ ಜನಜಂಗುಳಿಯ ದಿನಗಳಲ್ಲಿ ಬೇಡ. ಸಾಮಾನ್ಯ ದಿನದ ಬೆಳಗಿನ ಹೊತ್ತು ಹೋಗಿ. ಈಗ ಹೊರವಲಯದ ಮೂರೂ ದಿಕ್ಕಿನಿಂದ ಮೆಟ್ರೋ ರೈಲಿನ ಅನುಕೂಲವಿದೆ. ಪೀಣ್ಯದ ಕಡೆಯವರು ಹಸಿರು ಮಾರ್ಗದಲ್ಲಿ ನೇರವಾಗಿ ಲಾಲ್‌ಬಾಗ್ ನಿಲ್ದಾಣಕ್ಕೆ ಬರಬಹುದು. ವೈಟ್‌ಫೀಲ್ಡಿನವರು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್ಕಿಗೆ ಬಂದು ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಳ್ಳಬೇಕು. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದವರು 2025ರಲ್ಲಿ ಆರಂಭವಾದ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು ಅಲ್ಲಿಂದ ಹಸಿರು ಮಾರ್ಗ ಹಿಡಿದರಾಯಿತು.

ಲಾಲ್‌ಬಾಗಿನಲ್ಲಿ ಹತ್ತು ಮರಗಳ ಹೆಸರನ್ನು ಬರೆದುಕೊಳ್ಳಿ. ಆ ಹತ್ತರಲ್ಲಿ ಕೆಲವಾದರೂ ವಿದೇಶದ ತೋಟದಲ್ಲಿ ನಿಮಗೆ ಮತ್ತೆ ಸಿಗುತ್ತವೆ. ಒಂದೇ ಮರ ಇಲ್ಲಿ ಹೇಗಿದೆ, ಅಲ್ಲಿ ಹೇಗಿದೆ ಎಂದು ಹೋಲಿಸುವಾಗ ಸಿಗುವ ತಿಳಿವಳಿಕೆ ಪುಸ್ತಕದಿಂದ ಸಿಗಲಾರದು.

ಮೊದಲ ಪಾಠ: ಹೆಸರಿನ ಫಲಕ

ಸಸ್ಯೋದ್ಯಾನದಲ್ಲಿ ಬಹಳ ಜನ ಹೂವಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಗಿಡದ ಬುಡದಲ್ಲಿರುವ ಸಣ್ಣ ಫಲಕವನ್ನು ಓದುವುದಿಲ್ಲ. ರೈತರಿಗೆ ಹೂವಿಗಿಂತ ಆ ಫಲಕವೇ ಮುಖ್ಯ. ಅದರಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳಿರುತ್ತವೆ: ಗಿಡದ ವೈಜ್ಞಾನಿಕ ಹೆಸರು, ಅದರ ಕುಟುಂಬ, ಅದರ ಮೂಲಸ್ಥಾನ. ಊರಿಂದೂರಿಗೆ ರೂಢಿಯ ಹೆಸರು ಬದಲಾಗುತ್ತದೆ. ವೈಜ್ಞಾನಿಕ ಹೆಸರು ಮಾತ್ರ ಜಗತ್ತಿಗೆಲ್ಲ ಒಂದೇ.

ಇದರಿಂದ ನಮಗೇನು ಪ್ರಯೋಜನವೆಂದು ಕೇಳಬಹುದು. ಮೇಲೆ ಹೇಳಿದ ಸೀಮೆಬದನೆಯನ್ನೇ ತೆಗೆದುಕೊಳ್ಳಿ. ಹೆಸರಿನಲ್ಲಿ ಬದನೆ ಇದ್ದರೂ ಅದು ಬದನೆಯ ಬಳಗವಲ್ಲ. ಅದರ ಫಲಕದಲ್ಲಿ ಸೆಕಿಯಂ ಎಡ್ಯೂಲೆ ಎಂದು ಬರೆದು, ಕುಟುಂಬದ ಜಾಗದಲ್ಲಿ ಕುಕುರ್ಬಿಟೇಸಿ ಎಂದಿರುತ್ತದೆ. ಇದು ಕುಂಬಳ, ಸೋರೆ, ಹೀರೆ, ಸೌತೆಗಳ ಕುಟುಂಬ. ಅಂದಮೇಲೆ ಸೀಮೆಬದನೆಗೆ ಬರಬಹುದಾದ ರೋಗ, ಕೀಟಗಳನ್ನು ಊಹಿಸಬೇಕಾದರೆ ಬದನೆಯ ಕಡೆ ನೋಡದೆ ಕುಂಬಳದ ಕಡೆ ನೋಡಬೇಕು. ಕುಂಬಳ ಜಾತಿಯ ಬಳ್ಳಿಯಲ್ಲಿ ರೋಗ ಬಂದು ಕಿತ್ತ ಜಾಗಕ್ಕೆ ಕೂಡಲೇ ಸೀಮೆಬದನೆ ಹಬ್ಬಿಸುವುದೂ ಜಾಣತನವಲ್ಲ.

ಇನ್ನೊಂದು ಉದಾಹರಣೆ ನಮ್ಮ ರಾಗಿ. ರಾಗಿಯ ಫಲಕ ಎಲ್ಲಿಯಾದರೂ ಕಂಡರೆ ಎಲ್ಯುಸಿನೆ ಕೊರಕಾನ ಎಂದು ಓದುತ್ತೀರಿ. ಕೊರಕಾನ ಎಂಬ ಮಾತು ಬಂದುದು ರಾಗಿಗೆ ಸಿಂಹಳ ಭಾಷೆಯಲ್ಲಿರುವ ಕುರಕ್ಕನ್ ಎಂಬ ಹೆಸರಿನಿಂದ. ರಾಗಿಯ ತವರು ಆಫ್ರಿಕ. ಹೆಸರು ಸಿಂಹಳದ್ದು, ಹುಟ್ಟಿದ್ದು ಆಫ್ರಿಕದಲ್ಲಿ, ಮುದ್ದೆಯಾಗುವುದು ನಮ್ಮ ಮನೆಯಲ್ಲಿ. ಬೆಳೆಗಳು ಎಷ್ಟು ದೂರ ನಡೆದು ಬಂದಿವೆ ಎಂಬುದನ್ನು ಒಂದು ಫಲಕ ತಿಳಿಸುತ್ತದೆ.

ಮೊಬೈಲ್ ಫೋನಿನಲ್ಲಿ ಗಿಡದ ಚಿತ್ರ ತೆಗೆಯುವಾಗ ಫಲಕದ ಚಿತ್ರವನ್ನೂ ತಪ್ಪದೆ ತೆಗೆದುಕೊಳ್ಳಿ. ಫಲಕವಿಲ್ಲದ ಚಿತ್ರವನ್ನು ಊರಿಗೆ ತಂದು ತೋರಿಸಿದರೆ ವಿಜ್ಞಾನಿಗಳಿಗೂ ಖಚಿತವಾಗಿ ಹೇಳುವುದು ಕಷ್ಟ. ಫಲಕದ ಚಿತ್ರವಿದ್ದರೆ ಆ ಗಿಡ ನಮ್ಮ ದೇಶದಲ್ಲಿದೆಯೇ, ಎಲ್ಲಿ ಸಿಗುತ್ತದೆ ಎಂಬುದನ್ನು ಪತ್ತೆ ಮಾಡುವುದು ಸುಲಭ.

ಎರಡನೆಯ ಪಾಠ: ಹವೆಯ ಹೋಲಿಕೆ

ಸಿಂಗಪುರದ ತೋಟದಲ್ಲಿ ಮರದ ತುಂಬ ಹಸಿರು, ಕಾಂಡದ ತುಂಬ ಜರೀಗಿಡ ಕಂಡು, ಇದನ್ನೆಲ್ಲ ನಮ್ಮ ಜಮೀನಿನಲ್ಲೂ ಬೆಳೆಯಬಹುದಲ್ಲ ಎಂದೆನಿಸುವುದು ಸಹಜ. ಹಾಗೆ ನಿರ್ಧರಿಸುವ ಮೊದಲು ಎರಡು ಊರಿನ ಹವೆಯನ್ನು ಹೋಲಿಸಿ ನೋಡಬೇಕು. ಸಿಂಗಪುರ ಭೂಮಧ್ಯರೇಖೆಯ ಹತ್ತಿರ, ಸಮುದ್ರದ ಮಟ್ಟದಲ್ಲಿದೆ. ವರ್ಷಕ್ಕೆ 2,300 ಮಿಲಿಮೀಟರಿಗೂ ಮೀರಿ ಮಳೆ, ಅದೂ ಹನ್ನೆರಡು ತಿಂಗಳಿಗೆ ಹಂಚಿಕೊಂಡು. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಮಳೆ ಸಿಂಗಪುರದ ಅರ್ಧಕ್ಕೂ ಕಡಿಮೆ. ಅದರಲ್ಲೂ ಡಿಸೆಂಬರಿನಿಂದ ಮಾರ್ಚಿಯವರೆಗೆ ಹೆಚ್ಚು ಕಡಿಮೆ ಒಣ ಹವೆ. ಮ್ಯಾಂಗೊಸ್ಟೀನ್, ರಂಬುಟಾನ್ ಮೊದಲಾದ ಹಣ್ಣಿನ ಮರಗಳು ಬಯಸುವುದು ಸಿಂಗಪುರದಂತಹ ತೇವವನ್ನು. ನಮ್ಮಲ್ಲಿ ಕರಾವಳಿ, ಕೊಡಗಿನ ಕೆಲವು ಕಡೆ ಅವು ನಡೆದಾವು. ಆನೇಕಲ್ಲಿನ ಕೆಮ್ಮಣ್ಣಿನ ಬಯಲಿನಲ್ಲಿ ಕೊಳವೆ ಬಾವಿಯ ನೀರನ್ನು ನಂಬಿ ನೆಡುವುದು ನಷ್ಟದ ಬಾಬತ್ತು.

ಲಂಡನ್ನಿನಲ್ಲಿ ಇದರ ವಿರುದ್ಧ ಚಿತ್ರ. ಕ್ಯೂ ತೋಟದಲ್ಲಿ ತಾಳೆ ಜಾತಿಯ ಮರಗಳಿಗಾಗಿ 1848ರಲ್ಲಿ ಕಟ್ಟಿ ಮುಗಿಸಿದ ಗಾಜಿನ ಮನೆ ಇದೆ. ಹೊರಗೆ ಚಳಿಯಿಂದ ಕೈ ಮರಗಟ್ಟುತ್ತಿದ್ದರೂ ಒಳಗೆ ಹೋದರೆ ಬೆವರು ಬರುತ್ತದೆ. ಅಲ್ಲಿಯ ಗಾಜಿನ ಮನೆಯ ಉದ್ದೇಶ ಬಿಸಿಯನ್ನು ಹಿಡಿದಿಡುವುದು. ನಮ್ಮ ಕಡೆ ಗುಲಾಬಿ, ದೊಣ್ಣೆ ಮೆಣಸಿನಕಾಯಿ ಬೆಳೆಯಲು ಕಟ್ಟುವ ಪಾಲಿಹೌಸಿನ ಸಮಸ್ಯೆ ಬೇರೆ. ಇಲ್ಲಿ ಮಳೆಯನ್ನು ತಡೆದು, ಬಿಸಿಯನ್ನು ಹೊರಗೆ ಬಿಡಬೇಕು. ಆದುದರಿಂದ ಅಲ್ಲಿಯ ಕಟ್ಟಡದ ಆಕಾರವನ್ನು ನಕಲು ಮಾಡದೆ, ಮೇಲಿನ ಕಿಟಕಿಗಳನ್ನು ಹೇಗೆ ತೆರೆಯುತ್ತಾರೆ, ಗಾಳಿ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತದೆ, ನೆರಳನ್ನು ಹೇಗೆ ಕೊಟ್ಟಿದ್ದಾರೆ ಎಂಬುದನ್ನು ಗಮನಿಸಿ. ನಮ್ಮ ಪಾಲಿಹೌಸಿಗೆ ಅನ್ವಯಿಸುವುದು ಅಷ್ಟೇ.

ಮೂರನೆಯ ಪಾಠ: ಮರದ ಬುಡ

ಕ್ಯೂ ತೋಟದಲ್ಲಿ ಟರ್ನರ್ ಓಕ್ ಎಂಬ ಒಂದು ಹಳೆಯ ಮರವಿದೆ. ನೆಟ್ಟದ್ದು 1798ರಲ್ಲಿ. 1980ರ ದಶಕದ ಹೊತ್ತಿಗೆ ಅದು ಸೊರಗಿ, ಎಲೆ ವಿರಳವಾಗಿ, ಸಾಯುವಂತೆ ಕಾಣುತ್ತಿತ್ತು. 1987ರ ಅಕ್ಟೋಬರಿನಲ್ಲಿ ಭಾರಿ ಬಿರುಗಾಳಿ ಬೀಸಿ ಆ ತೋಟದ ಸುಮಾರು 700 ಮರಗಳು ಹಾಳಾದವು. ಗಾಳಿಯ ರಭಸಕ್ಕೆ ಈ ಓಕ್ ಮರ ಬೇರಿನ ಸಮೇತ ಮೇಲೆದ್ದು ಮತ್ತೆ ಅದೇ ಗುಂಡಿಯಲ್ಲಿ ಕುಳಿತುಕೊಂಡಿತು. ಬಿದ್ದ ಮರಗಳನ್ನು ತೆಗೆಯುವ ಕೆಲಸವೇ ಬೆಟ್ಟದಷ್ಟಿದ್ದುದರಿಂದ ಇದಕ್ಕೆ ಊರುಗೋಲು ಕೊಟ್ಟು ಹಾಗೇ ಬಿಟ್ಟರು. ಮೂರು ವರ್ಷ ಕಳೆದು ನೋಡಿದರೆ ಮರ ಹೊಸದಾಗಿ ಚಿಗುರಿ ದಟ್ಟವಾಗಿತ್ತು!

ಕಾರಣವನ್ನು ಹುಡುಕಿದಾಗ ತಿಳಿದುದೇನೆಂದರೆ, ವರ್ಷಾನುಗಟ್ಟಲೆ ಜನರು ಓಡಾಡಿ ಬುಡದ ಮಣ್ಣು ಕಲ್ಲಿನಂತೆ ಗಟ್ಟಿಯಾಗಿತ್ತು. ಬೇರಿಗೆ ಗಾಳಿ, ನೀರು ಇಳಿಯುತ್ತಿರಲಿಲ್ಲ. ಬಿರುಗಾಳಿಯು ಮರವನ್ನು ಎತ್ತಿ ಇಳಿಸಿದಾಗ ಮಣ್ಣು ಸಡಿಲವಾಯಿತು. ಅಲ್ಲಿಂದೀಚೆಗೆ ಕ್ಯೂ ತೋಟದವರು ಹಳೆಯ ಮರಗಳ ಬುಡದ ಮಣ್ಣನ್ನು ಒತ್ತಡದ ಗಾಳಿಯಿಂದ ಸಡಿಲಿಸುವ ಪದ್ಧತಿಯನ್ನು ರೂಢಿಗೆ ತಂದರು.

ಈ ಪಾಠವನ್ನು ನಮ್ಮ ಮಾವು, ಹಲಸು, ಸಪೋಟ ತೋಟಗಳಿಗೆ ಅನ್ವಯಿಸಿಕೊಳ್ಳಿ. ನೆರಳಿದೆಯೆಂದು ಮರದಡಿ ಟ್ರ್ಯಾಕ್ಟರ್ ನಿಲ್ಲಿಸುವುದು, ದಿನವೂ ಒಂದೇ ಜಾಗದಲ್ಲಿ ದನ ಕಟ್ಟುವುದು, ಮಣ್ಣು ಹಸಿಯಾಗಿರುವಾಗ ಗಾಡಿ ಓಡಿಸುವುದು ಇವೆಲ್ಲ ಬೇರಿನ ಉಸಿರು ಕಟ್ಟಿಸುವ ಕೆಲಸಗಳು. ಇಳುವರಿ ಕುಗ್ಗಿದಾಗ ಗೊಬ್ಬರದ ಚೀಲ ಬಿಚ್ಚುವ ಮೊದಲು ಬುಡದ ಮಣ್ಣಿಗೆ ಒಂದು ಕಂಬಿಯನ್ನು ಚುಚ್ಚಿ ನೋಡಿ. ಹದವಿರುವ ಕಾಲದಲ್ಲೂ ಅದು ಇಳಿಯದಿದ್ದರೆ ಮೊದಲು ಮಣ್ಣನ್ನು ಸಡಿಲಿಸಿ. ದೊಡ್ಡ ಬೇರಿಗೆ ಪೆಟ್ಟಾಗದಂತೆ ಎಚ್ಚರವಹಿಸಿ, ಒಣ ಎಲೆಯ ಹೊದಿಕೆ ಕೊಡಿ. ಹೊದಿಕೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟಿರಲಿ.

ಜೇಬಿನಲ್ಲಿ ನಾಲ್ಕು ಬೀಜ

ಇನ್ನು ಅತಿ ಮುಖ್ಯವಾದ ವಿಷಯಕ್ಕೆ ಬರೋಣ. ಒಳ್ಳೆಯ ಗಿಡ ಕಂಡರೆ ರೈತರ ಕೈ ಸುಮ್ಮನಿರದು. ಕೆಳಗೆ ಬಿದ್ದ ನಾಲ್ಕು ಬೀಜಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಳ್ಳೋಣ, ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡೋಣ ಎಂಬ ಆಸೆ ಹುಟ್ಟುತ್ತದೆ. ಬಾಬಾ ಬುಡನ್ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರಂತೆ, ಅದರಿಂದ ನಾಡಿಗೆ ಒಳ್ಳೆಯದೇ ಆಯಿತಲ್ಲ ಎಂದು ವಾದಿಸುವವರೂ ಇದ್ದಾರೆ.

ವಾದ ಕೇಳಲು ಚೆನ್ನಾಗಿದೆ. ಆದರೆ ಕಾಫಿಯ ಕಥೆಗೆ ಇನ್ನೊಂದು ಅಧ್ಯಾಯವೂ ಇದೆ. ಸಿಂಹಳದಲ್ಲಿ ಕಾಫಿ ತೋಟಗಳು ಸಮೃದ್ಧವಾಗಿದ್ದಾಗ, 1869ರಲ್ಲಿ, ಎಲೆಯ ತುಕ್ಕು ರೋಗ ಕಾಣಿಸಿಕೊಂಡಿತು. ಇಪ್ಪತ್ತು ವರ್ಷಗಳಲ್ಲಿ ಅಲ್ಲಿಯ ಕಾಫಿ ಬೇಸಾಯ ನೆಲಕಚ್ಚಿತು. ಬೆಳೆಗಾರರು ಚಹಾ ಗಿಡದ ಮೊರೆಹೊಕ್ಕರು. ಬೆಳೆ ಬಂದ ದಾರಿಯಲ್ಲೇ ರೋಗವೂ ಬರುತ್ತದೆ. ಬೆಳೆ ಕಣ್ಣಿಗೆ ಕಾಣುತ್ತದೆ, ರೋಗ ಕಾಣುವುದಿಲ್ಲ.

ರಬ್ಬರಿನ ಕಥೆ ಇದಕ್ಕೆ ಪೂರಕವಾಗಿದೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತ ಬ್ರೆಜಿಲ್ ದೇಶದಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಕ್ಯೂ ತೋಟಕ್ಕೆ ತಂದ. ರಬ್ಬರ್ ಬೀಜವು ಹಲಸಿನ ಬೀಜದಂತೆ ಒಣಗಿದರೆ ಸಾಯುವ ಜಾತಿ. ಮೊಳೆತದ್ದು ನೂರಕ್ಕೆ ನಾಲ್ಕರಷ್ಟು. ಆ ಸಸಿಗಳಲ್ಲಿ ಹೆಚ್ಚಿನವು ಸಿಂಹಳಕ್ಕೆ ಹೋದವು. ಮರುವರ್ಷ 22 ಸಸಿಗಳು ಸಿಂಗಪುರದ ಸಸ್ಯೋದ್ಯಾನಕ್ಕೆ ಬಂದವು. ಅಲ್ಲಿಯ ನಿರ್ದೇಶಕ ಹೆನ್ರಿ ರಿಡ್ಲಿ ಮರಕ್ಕೆ ಕೇಡಾಗದಂತೆ ಹಾಲು ತೆಗೆಯುವ ಕ್ರಮವನ್ನು ರೂಪಿಸಿ, ರಬ್ಬರ್ ಬೆಳೆಯಿರೆಂದು ತೋಟಗಾರರ ಬೆನ್ನುಹತ್ತಿದ. ಆತನನ್ನು ಹುಚ್ಚ ರಿಡ್ಲಿ ಎಂದು ನಕ್ಕವರೇ ಆಮೇಲೆ ರಬ್ಬರ್ ಬೆಳೆದು ಶ್ರೀಮಂತರಾದರು.

ಇದರಲ್ಲಿ ಗಮನಿಸಬೇಕಾದ ಅಂಶ ಬೇರೆಯೇ ಇದೆ. ದಕ್ಷಿಣ ಅಮೆರಿಕದಲ್ಲಿ ರಬ್ಬರಿಗೆ ಒಂದು ಭಯಂಕರ ಎಲೆ ಅಂಗಮಾರಿ ರೋಗವಿದೆ. ಕಾರು ತಯಾರಕ ಹೆನ್ರಿ ಫೋರ್ಡ್ 1928ರಲ್ಲಿ ಬ್ರೆಜಿಲ್‌ನಲ್ಲಿ ಆರಂಭಿಸಿದ ಭಾರಿ ರಬ್ಬರ್ ತೋಟ ಹಾಳಾಗಲು ಆ ರೋಗವೇ ದೊಡ್ಡ ಕಾರಣ. 1945ರಲ್ಲಿ ತೋಟವನ್ನು ಕೈಬಿಡಬೇಕಾಯಿತು. ಬೀಜ ಏಷ್ಯಕ್ಕೆ ಬಂತು, ಆ ರೋಗ ಮಾತ್ರ ಇಂದಿಗೂ ಏಷ್ಯದ ತೋಟಗಳಿಗೆ ಬಂದಿಲ್ಲ. ಸುಳ್ಯ, ಬೆಳ್ತಂಗಡಿಗಳ ಸಣ್ಣ ಹಿಡುವಳಿದಾರರ ರಬ್ಬರ್ ತೋಟ ಹಾಲು ಕೊಡುತ್ತಿರುವುದು ಆ ರೋಗ ದೂರವಿರುವುದರಿಂದ. ಅಲ್ಲಿಂದ ರೋಗದ ಎಲೆಯೊಂದು ಯಾರದೋ ಪೆಟ್ಟಿಗೆಯಲ್ಲಿ ಬಂದರೆ ನಷ್ಟವಾಗುವುದು ಪೆಟ್ಟಿಗೆಯವನಿಗಲ್ಲ, ಲಕ್ಷಾಂತರ ಬೆಳೆಗಾರರಿಗೆ.

ನಮ್ಮ ಕಣ್ಣೆದುರಿನ ಉದಾಹರಣೆಗಳು

ದೂರದ ಮಾತು ಬೇಡವೆಂದರೆ ಹತ್ತಿರದ್ದನ್ನೇ ನೋಡಿ. ಬೇಲಿಯಿಂದ ಕಾಡಿನವರೆಗೆ ಹಬ್ಬಿರುವ ಲಾಂಟಾನ ಅಮೆರಿಕ ಖಂಡದ ಗಿಡ. 19ನೆಯ ಶತಮಾನದ ಆರಂಭದಲ್ಲಿ ಅದನ್ನು ಹೂವಿನ ಚೆಲುವಿಗಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ವರ್ತೂರು, ಬೆಳ್ಳಂದೂರು ಕೆರೆಗಳ ಮೇಲೆ ಹಾಸಿಕೊಂಡು ನೀರನ್ನೇ ಮರೆಮಾಡಿದ ನೇರಳೆ ಹೂವಿನ ನೀರು ಹಯಸಿಂತ್ ಕೂಡ ದಕ್ಷಿಣ ಅಮೆರಿಕದ್ದೇ. ಅದೂ ಅಲಂಕಾರಕ್ಕೆಂದು ಬಂಗಾಳಕ್ಕೆ ಬಂದು ದೇಶಕ್ಕೆಲ್ಲ ಹರಡಿತು. ತಂದವರು ಕೆಡುಕನ್ನು ಬಯಸಿ ತಂದವರಲ್ಲ. ಚೆಂದ ಕಂಡಿತೆಂದು ತಂದರು, ಅಷ್ಟೇ.

ಪರಂಗಿಯ ಹಿಟ್ಟು ತಿಗಣೆ ನಿಮ್ಮಲ್ಲಿ ಹಲವರಿಗೆ ಮರೆತಿರಲಾರದು. ಮೆಕ್ಸಿಕೋ ಕಡೆಯ ಈ ಕೀಟ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ನಮ್ಮ ರಾಜ್ಯಕ್ಕೂ ಹಬ್ಬಿತು. ಪರಂಗಿ ಒಂದನ್ನೇ ಅಲ್ಲ, ಹಿಪ್ಪುನೇರಳೆ, ಮರಗೆಣಸು, ಸೀಬೆ, ದಾಸವಾಳಗಳನ್ನೂ ಅದು ಮುತ್ತಿತು. ಹಿಪ್ಪುನೇರಳೆ ಸೊಪ್ಪು ಮುರುಟಿಕೊಂಡರೆ ರೇಷ್ಮೆ ಹುಳುವಿಗೆ ಮೇವಿಲ್ಲ, ಮೇವಿಲ್ಲದಿದ್ದರೆ ಗೂಡಿಲ್ಲ. ಮೇಣದ ಪುಡಿ ಮೈಗೆ ಮೆತ್ತಿಕೊಂಡ ಕೀಟಕ್ಕೆ ಔಷಧಿ ಸರಿಯಾಗಿ ತಾಗುತ್ತಿರಲಿಲ್ಲ. ಕೊನೆಗೆ 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೀಟ ಸಂಸ್ಥೆಯು ಪೋರ್ಟೊರಿಕೋ ದ್ವೀಪದಿಂದ ಅಸೆರೊಫೇಗಸ್ ಪಪಾಯೆ ಎಂಬ ಸಣ್ಣ ಪರತಂತ್ರ ಕಣಜವನ್ನು ತರಿಸಿ, ಪರೀಕ್ಷಿಸಿ, ಹೊಲಗಳಲ್ಲಿ ಬಿಡುಗಡೆ ಮಾಡಿತು. ಬಹುಬೇಗ ಪೀಡೆ ಹತೋಟಿಗೆ ಬಂತು.

ಇಲ್ಲಿಯೂ ವಿದೇಶದ ಜೀವಿಯನ್ನೇ ತಂದರಲ್ಲ ಎನ್ನಬಹುದು. ನಿಜ. ಆದರೆ ತಂದ ಬಗೆ ಬೇರೆ. ಸರ್ಕಾರದ ಅನುಮತಿ ಪಡೆದು, ಮುಚ್ಚಿದ ಪ್ರಯೋಗಶಾಲೆಯಲ್ಲಿಟ್ಟು, ಬೇರೆ ಜೀವಿಗಳಿಗೆ ಅದರಿಂದ ತೊಂದರೆಯಿಲ್ಲವೆಂದು ಖಚಿತಪಡಿಸಿಕೊಂಡು ಬಿಟ್ಟರು. ಕಾಂಗ್ರೆಸ್ ಗಿಡವನ್ನು ತಿನ್ನುವ ಮೆಕ್ಸಿಕನ್ ದುಂಬಿಯನ್ನೂ 1983ರಲ್ಲಿ ಬೆಂಗಳೂರಿಗೆ ತಂದು, ಅದು ಬೆಳೆಗಳನ್ನು ತಿನ್ನುವುದೇ ಎಂದು ಪರೀಕ್ಷಿಸಿದ ಮೇಲೆಯೇ 1984ರಲ್ಲಿ ಹೊರಗೆ ಬಿಟ್ಟದ್ದು. ಜೇಬಿನ ಬೀಜಕ್ಕೆ ಈ ಪರೀಕ್ಷೆ ಯಾವುದೂ ಆಗಿರುವುದಿಲ್ಲ.

ಇನ್ನೊಂದು ಸಂಗತಿ. 2008ರಿಂದ ನಮ್ಮ ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯಲ್ಲಿ. ದ್ರಾಕ್ಷಿ ತೋಟಗಳ, ಹೆಸರುವಾಸಿಯಾದ ಚಕ್ಕೋತ ಮರಗಳ ಸೀಮೆಯಲ್ಲಿ. ಪೆಟ್ಟಿಗೆಯಲ್ಲಿ ಬಂದ ಪೀಡೆಗೆ ತೋಟ ಹುಡುಕಿಕೊಂಡು ದೂರ ಹೋಗುವ ಶ್ರಮವೇ ಇಲ್ಲ.

ಕಾನೂನು ಏನು ಹೇಳುತ್ತದೆ?

ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆ ನಮ್ಮ ದೇಶದಲ್ಲಿ 1914ರಿಂದಲೇ ಇದೆ. ಅದರ ಅಡಿಯಲ್ಲಿ 2003ರಲ್ಲಿ ಹೊರಡಿಸಿದ ಸಸ್ಯ ಕ್ವಾರಂಟೈನ್ ಆದೇಶದಂತೆ ಬಿತ್ತನೆ ಬೀಜ, ಸಸಿ, ಕಡ್ಡಿ, ಗೆಡ್ಡೆ ಮುಂತಾದ ನೆಡುವ ವಸ್ತುಗಳನ್ನು ತರಬೇಕಾದರೆ ಎರಡು ಕಾಗದಗಳು ಬೇಕು. ಒಂದು, ಮುಂಚಿತವಾಗಿಯೇ ಪಡೆದ ನಮ್ಮ ಸರ್ಕಾರದ ಆಮದು ಪರವಾನಗಿ. ಎರಡು, ಆ ದೇಶದ ಅಧಿಕಾರಿಗಳು ಪರೀಕ್ಷಿಸಿ ಕೊಟ್ಟ ಸಸ್ಯ ಆರೋಗ್ಯ ಪ್ರಮಾಣ ಪತ್ರ. ಮಣ್ಣನ್ನು ತರುವುದಕ್ಕೂ ನಿರ್ಬಂಧವಿದೆ.

ಕೊಂಡದ್ದಾದರೆ ತರಬಹುದಲ್ಲ ಎಂದು ಕೆಲವರು ತಿಳಿದಿದ್ದಾರೆ. ಇದು ಸರಿಯಲ್ಲ. ತೋಟದ ಅಂಗಡಿಯಲ್ಲಿ ಮಾರುವ ಬೀಜದ ಪೊಟ್ಟಣಕ್ಕೂ ಗಾಜಿನ ಶೀಶೆಯಲ್ಲಿಟ್ಟ ಆರ್ಕಿಡ್ ಸಸಿಗೂ ಇದೇ ನಿಯಮ. ಅಂಗಡಿಯ ರಸೀದಿ ಪರವಾನಗಿಯಾಗುವುದಿಲ್ಲ. ಗೊತ್ತಿಲ್ಲದೆ ಏನನ್ನಾದರೂ ತಂದಿದ್ದರೆ ವಿಮಾನ ನಿಲ್ದಾಣದಲ್ಲಿ ಕೆಂಪು ದಾರಿಯಿಂದ ಹೋಗಿ ಅಧಿಕಾರಿಗಳಿಗೆ ತಿಳಿಸಿ ಒಪ್ಪಿಸುವುದು ಲೇಸು. ಸೀಮೆಬದನೆಯನ್ನು ಇಡೀ ಕಾಯಿಯಾಗಿಯೇ ಮೊಳಕೆ ಬರಿಸಿ ನೆಡುತ್ತೇವೆ ಎಂಬುದನ್ನು ನೆನಪಿಡಿ. ತಿನ್ನಲೆಂದು ತಂದ ಕಾಯಿಯೂ ನೆಡುವ ವಸ್ತುವಾಗಬಲ್ಲದು.

ಅಲ್ಲದೆ ಸಸ್ಯೋದ್ಯಾನದಲ್ಲಿ ಹೂವು, ಬೀಜ, ಕಡ್ಡಿ ಕೀಳುವುದು ಆ ತೋಟದ ನಿಯಮಕ್ಕೂ ವಿರುದ್ಧ. ಪರದೇಶದಲ್ಲಿ ಹಿರಿಯರು ದಂಡ ತೆತ್ತು ತಲೆ ತಗ್ಗಿಸಬೇಕಾದ ಸಂದರ್ಭ ಮಕ್ಕಳಿಗೂ ಶೋಭೆಯಲ್ಲ.

ಗಿಡ ಬೇಕೇ ಬೇಕೆಂದರೆ?

ನೀವು ಮೆಚ್ಚಿದ ಗಿಡ ಅಥವಾ ಅದರ ಹತ್ತಿರದ ತಳಿ ನಮ್ಮಲ್ಲಿ ಈಗಾಗಲೇ ಇರುವ ಸಂಭವವೇ ಹೆಚ್ಚು. ಪೀಣ್ಯದಿಂದ ಬಹು ದೂರವಲ್ಲದ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಹಣ್ಣು, ಹೂವು, ತರಕಾರಿಗಳ ಹಲವು ತಳಿಗಳು ಅಲ್ಲಿಂದಲೇ ಬಂದಿವೆ. ಹೆಬ್ಬಾಳದ ಬಳಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೃಷಿ ವಿಶ್ವವಿದ್ಯಾನಿಲಯವಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಫಲಕದ ಚಿತ್ರವನ್ನು ತೋರಿಸಿ, ಈ ಗಿಡ ನಮ್ಮ ಮಣ್ಣಿಗೆ ಆಗುತ್ತದೆಯೇ ಎಂದು ಅಲ್ಲಿ ವಿಚಾರಿಸಿ. ಇಲ್ಲಿ ಪರೀಕ್ಷೆಯಾದ ಕಸಿ ಗಿಡ ಸಿಕ್ಕರೆ ಕಾಯಿ ಬಿಡುವುದೂ ಬೇಗ, ಗುಣವೂ ಖಚಿತ. ಬೀಜದಿಂದ ಬಂದ ಹಣ್ಣಿನ ಗಿಡ ತಾಯಿಯ ಗುಣವನ್ನೇ ಹೋಲುತ್ತದೆಂಬ ಭರವಸೆಯಿಲ್ಲ ಎಂಬುದು ನಿಮಗೆ ತಿಳಿದದ್ದೇ.

ದೇಶಕ್ಕೆ ನಿಜವಾಗಿಯೂ ಹೊಸದಾದ ತಳಿಯೇ ಬೇಕಾದರೆ, ಸಂಶೋಧನೆಗಾಗಿ ಅದನ್ನು ತರಿಸುವ ಹೊಣೆ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದ್ದು. ವಿಜ್ಞಾನಿಗಳ ಮೂಲಕ ಹೋಗುವ ಈ ದಾರಿ ನಿಧಾನದ್ದು. ಆದರೆ ನೆರೆಯವರ ಹೊಲಕ್ಕೆ ಕೇಡು ತರದ ದಾರಿ ಇದೇ.

ನೆನಪಿಡಬೇಕಾದ ಅಂಶಗಳು

1. ಪ್ರಯಾಣಕ್ಕೆ ಮುಂಚೆ ಲಾಲ್‌ಬಾಗನ್ನು ನೋಡಿ, ಹತ್ತು ಮರಗಳ ಹೆಸರು ಬರೆದುಕೊಳ್ಳಿ.

2. ವಿದೇಶದ ತೋಟದಲ್ಲಿ ಗಿಡದ ಚಿತ್ರದ ಜೊತೆಗೆ ಫಲಕದ ಚಿತ್ರವನ್ನೂ ತೆಗೆಯಿರಿ.

3. ಆ ಊರಿನ ಮಳೆ, ಎತ್ತರ, ಚಳಿಗಳನ್ನು ಕೇಳಿ ತಿಳಿದು ನಮ್ಮ ಹವೆಗೆ ಹೋಲಿಸಿ.

4. ಮರದ ಬುಡ, ಹೊದಿಕೆ, ನೀರು ಕೊಡುವ ಕ್ರಮ, ಗೊಬ್ಬರದ ಗುಡ್ಡೆ ಇವುಗಳನ್ನು ಗಮನಿಸಿ. ಕೆಲಸಗಾರರು ಕಂಡರೆ ಮಕ್ಕಳ ಸಹಾಯದಿಂದ ಮಾತನಾಡಿಸಿ.

5. ಬೀಜ, ಕಡ್ಡಿ, ಗೆಡ್ಡೆ, ಮಣ್ಣು ಯಾವುದನ್ನೂ ತರಬೇಡಿ. ನೆಂಟರಿಷ್ಟರು ತರಲು ಹೇಳಿದರೂ ಒಪ್ಪಬೇಡಿ.

6. ಮರಳಿ ಹೊರಡುವ ಮುನ್ನ ಚಪ್ಪಲಿ, ಬೂಟುಗಳ ಅಟ್ಟೆಗೆ ಮೆತ್ತಿದ ಮಣ್ಣನ್ನು ಅಲ್ಲೇ ತೊಳೆದು ಒಣಗಿಸಿ. ಬಟ್ಟೆಗೆ ಅಂಟಿದ ಹುಲ್ಲಿನ ಬೀಜಗಳನ್ನು ಕಿತ್ತುಹಾಕಿ.

7. ಊರಿಗೆ ಬಂದ ಮೇಲೆ ಕಂಡದ್ದನ್ನು ಸಂಘದ ಸಭೆಯಲ್ಲೋ ಅರಳಿಕಟ್ಟೆಯಲ್ಲೋ ನಾಲ್ಕು ಜನಕ್ಕೆ ಹೇಳಿ.

ನಿಮ್ಮ ಹಳ್ಳಿಯ ಹೊಲಗಳು ಬಡಾವಣೆಯಾಗಿ ಹೋಗಿ ಇಂದು ಉಳಿದಿರುವುದೇ ಸ್ವಲ್ಪ. ಆ ಉಳಿದ ಹೊಲದಲ್ಲಿ ಬೇಸಾಯ ಮಾಡುತ್ತಿರುವ ನೆರೆಯವರಿಗೆ ನೀವು ವಿದೇಶದಿಂದ ತರಬಹುದಾದ ಉಡುಗೊರೆ ಎಂದರೆ ಹೆಸರು ಬರೆದುಕೊಂಡ ಒಂದು ಪುಸ್ತಕ ಹಾಗೂ ಕಂಡು ಕಲಿತ ನಾಲ್ಕು ಮಾತು. ಇವಕ್ಕೆ ಪರವಾನಗಿ ಬೇಡ, ತೂಕವಿಲ್ಲ, ಇವುಗಳೊಡನೆ ಯಾವ ಹುಳವೂ ಬರುವುದಿಲ್ಲ.